ಸ್ನೇಹದಿಂದ ಸೇವೆಗೆ: ಸೇವಾ ಕ್ಲಬ್ಬುಗಳು ನಡೆದುಬಂದ ದಾರಿ

ನಮ್ಮ ಪ್ರೌಢಶಾಲೆ ಐವತ್ತು ವರ್ಷಗಳನ್ನು ಪೂರೈಸಿರುವುದು ಊರಿಗೆಲ್ಲ ಹೆಮ್ಮೆಯ ಸಂಗತಿ. ಈ ನೆಪದಲ್ಲಿ ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರುತ್ತಿದ್ದಾರೆ. ಹಳೆಯ ಬೆಂಚಿನ ಗೆಳೆಯರು ಸಿಕ್ಕಾಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ನಾವೆಲ್ಲ ಸೇರಿ ಶಾಲೆಗೆ, ಊರಿಗೆ ಏನಾದರೂ ಮಾಡಬೇಕು.’ ಮಾತು ಮನಸ್ಸಿನಿಂದಲೇ ಬಂದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಶಾಮಿಯಾನ ಬಿಚ್ಚಿ, ಕುರ್ಚಿಗಳನ್ನು ಲಾರಿಗೆ ತುಂಬಿದ ಮೇಲೆ ಈ ಮಾತು ಎಷ್ಟು ದಿನ ಬದುಕಿರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಇತಿಹಾಸದ ಒಂದು ಪುಟ ನಮಗೆ ನೆರವಾಗಬಲ್ಲದು. ಅದು ರಾಜರ ಯುದ್ಧದ ಪುಟವಲ್ಲ. ಅಂಗಡಿಯವರು, ವಕೀಲರು, ಡಾಕ್ಟರು, ಮೇಷ್ಟ್ರುಗಳು ವಾರಕ್ಕೊಮ್ಮೆ ಕೂತು ಮಾತಾಡುತ್ತ ಕಟ್ಟಿದ ಸೇವಾ ಕ್ಲಬ್ಬುಗಳ ಪುಟ. ರೋಟರಿ, ಲಯನ್ಸ್ ಎಂಬ ಹೆಸರುಗಳನ್ನು ನಾವು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದಲ್ಲಿ, ಕಣ್ಣಿನ ಶಿಬಿರದ ಬ್ಯಾನರಿನಲ್ಲಿ ಓದಿದ್ದೇವೆ. ಅವು ಎಲ್ಲಿಂದ ಬಂದವು, ಹೇಗೆ ನಿಂತವು ಎಂಬುದನ್ನು ಮಾತ್ರ ಅಷ್ಟಾಗಿ ವಿಚಾರಿಸಿಲ್ಲ.

ಮುಯ್ಯಾಳಿನ ನಾಡಿನಲ್ಲಿ

ಒಬ್ಬರಿಗೊಬ್ಬರು ಆಗುವುದು ನಮಗೆ ಹೊಸದಲ್ಲ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ಮುಯ್ಯಾಳಿನ ಪದ್ಧತಿಯಲ್ಲಿ ಎಷ್ಟೋ ನಾಟಿ, ಎಷ್ಟೋ ಕೊಯ್ಲು ನಡೆದಿವೆ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆ ಇಡುವುದು, ಊರವರೆಲ್ಲ ಸೇರಿ ಕೆರೆಯ ಹೂಳೆತ್ತುವುದು, ಮನೆಯೊಂದಕ್ಕೆ ಬೆಂಕಿ ಬಿದ್ದರೆ ಊರೇ ಗಳು, ಹುಲ್ಲು, ಕಾಳು ಹೊತ್ತು ತರುವುದು ಇವೆಲ್ಲ ನಮ್ಮ ಹಿರಿಯರು ಹೇಳಿಕೊಡದೆ ಕಲಿಸಿದ ಪಾಠಗಳು.

ಆದರೆ ಈ ಸಹಾಯಕ್ಕೆ ಒಂದು ಬೇಲಿಯೂ ಇತ್ತು. ಅದು ಹೆಚ್ಚಾಗಿ ನೆಂಟರಲ್ಲಿ, ಕೇರಿಯವರಲ್ಲಿ, ಗುರುತಿನವರಲ್ಲಿ ನಡೆಯುತ್ತಿತ್ತು. ಗುರುತೇ ಇಲ್ಲದ ಕಡೆ ಏನು ಮಾಡುವುದು? ಹೊಟ್ಟೆಪಾಡಿಗೆ ಪಟ್ಟಣ ಸೇರಿದವನಿಗೆ ಪಕ್ಕದ ಮನೆಯವರ ಹೆಸರೂ ತಿಳಿಯದಿದ್ದಾಗ ಅವನು ಯಾರಿಗೆ ಆಳಾಗಬೇಕು, ಅವನಿಗೆ ಯಾರು ಆಗಬೇಕು? ಈ ಕಷ್ಟ ಮೊದಲು ದೊಡ್ಡದಾಗಿ ಕಾಣಿಸಿಕೊಂಡದ್ದು ಕೈಗಾರಿಕೆಗಳಿಂದ ಏಕಾಏಕಿ ಬೆಳೆದ ನಗರಗಳಲ್ಲಿ. ಅಂಥ ಒಂದು ನಗರ ಅಮೆರಿಕದ ಶಿಕಾಗೊ. 1893ರಲ್ಲಿ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ ಊರು ಎಂದರೆ ನಮ್ಮ ಓದುಗರಿಗೆಲ್ಲ ನೆನಪಾದೀತು. ಆ ಭಾಷಣವಾಗಿ ಹನ್ನೆರಡು ವರ್ಷ ಕಳೆಯುವುದರೊಳಗೆ ಅದೇ ಊರಿನಲ್ಲಿ ನಾಲ್ಕು ಜನ ಒಂದು ಸಣ್ಣ ಕೋಣೆಯಲ್ಲಿ ಸೇರಿದರು.

711ನೆಯ ಕೋಣೆ

ಅವರನ್ನು ಸೇರಿಸಿದವರು ಪಾಲ್ ಹ್ಯಾರಿಸ್ ಎಂಬ ವಕೀಲರು. 1868ರಲ್ಲಿ ಹುಟ್ಟಿದ ಅವರು ಬೆಳೆದದ್ದು ವರ್ಮಾಂಟ್ ಸಂಸ್ಥಾನದ ವಾಲಿಂಗ್‌ಫರ್ಡ್ ಎಂಬ ಹಳ್ಳಿಯಲ್ಲಿ, ಅಜ್ಜ ಅಜ್ಜಿಯರ ಮಡಿಲಲ್ಲಿ. ಕಾನೂನು ಪದವಿ ಪಡೆದ ಮೇಲೆ ಐದು ವರ್ಷ ದೇಶ ಸುತ್ತುತ್ತ ಪತ್ರಿಕೆ ವರದಿಗಾರರಾಗಿ, ನಾಟಕದ ನಟರಾಗಿ, ದನ ಕಾಯುವ ಕೌಬಾಯ್ ಆಗಿ, ಅಮೃತಶಿಲೆಯ ವ್ಯಾಪಾರಿಯ ಕಡೆಯ ಮಾರಾಟಗಾರರಾಗಿ ಕೆಲಸ ಮಾಡಿ, 1896ರಲ್ಲಿ ಶಿಕಾಗೊದಲ್ಲಿ ವಕೀಲಿ ಶುರುಮಾಡಿದರು. ಕಕ್ಷಿದಾರರು ಬಂದರು, ಕಾಸೂ ಬಂತು. ಆದರೆ ಭಾನುವಾರ ಬಂದರೆ ಮಾತಾಡಿಸುವವರು ಒಬ್ಬರೂ ಇರುತ್ತಿರಲಿಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಈ ಒಂಟಿತನ ಹೆಚ್ಚು ಕಾಡುತ್ತದೆ.

ಒಮ್ಮೆ ಅವರು ಊರ ಹೊರವಲಯದಲ್ಲಿದ್ದ ಇನ್ನೊಬ್ಬ ವಕೀಲ ಮಿತ್ರರ ಮನೆಗೆ ಊಟಕ್ಕೆ ಹೋಗಿದ್ದರು. ಊಟದ ನಂತರ ಇಬ್ಬರೂ ಅಡ್ಡಾಡಲು ಹೊರಟಾಗ ಆ ಮಿತ್ರರು ದಾರಿಯಲ್ಲಿದ್ದ ಒಂದೊಂದು ಅಂಗಡಿಯವರನ್ನೂ ಹೆಸರು ಹಿಡಿದು ಮಾತಾಡಿಸಿದರಂತೆ. ಹ್ಯಾರಿಸರಿಗೆ ತಮ್ಮ ಹಳ್ಳಿ ನೆನಪಾಯಿತು. ದೊಡ್ಡ ಪಟ್ಟಣದ ನಡುವೆಯೇ ಇಂಥ ಒಂದು ಹಳ್ಳಿಯನ್ನು ಕಟ್ಟಿಕೊಳ್ಳಲಾಗದೇ ಎಂಬ ಯೋಚನೆ ಅವರಿಗೆ ಹುಟ್ಟಿದ್ದು ಆಗ. ಅದು ಕಾರ್ಯರೂಪಕ್ಕೆ ಬಂದದ್ದು 1905ರ ಫೆಬ್ರವರಿ 23ರಂದು. ಯೂನಿಟಿ ಬಿಲ್ಡಿಂಗ್ ಎಂಬ ಕಟ್ಟಡದ 711ನೆಯ ಕೋಣೆಯಲ್ಲಿ, ಗಣಿ ಎಂಜಿನಿಯರ್ ಗುಸ್ಟಾವಸ್ ಲೋರ್ ಅವರ ಕಚೇರಿಯಲ್ಲಿ, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್ ಮತ್ತು ದರ್ಜಿ ಹೈರಮ್ ಶೋರಿ ಅವರ ಜೊತೆಗೆ ಹ್ಯಾರಿಸ್ ಕೂತರು. ವಕೀಲ, ಎಂಜಿನಿಯರ್, ಇದ್ದಿಲ ವ್ಯಾಪಾರಿ, ದರ್ಜಿ: ಒಬ್ಬೊಬ್ಬರದು ಒಂದೊಂದು ಕಸುಬು.

ಒಂದು ಕಸುಬಿನಿಂದ ಒಬ್ಬರು ಎಂಬುದೇ ಆ ಕೂಟದ ಮೊದಲ ನಿಯಮವಾಯಿತು. ಒಂದೇ ವ್ಯಾಪಾರದವರು ಇಬ್ಬರಿದ್ದರೆ ಪೈಪೋಟಿ ಬರುತ್ತದೆ, ಬೇರೆ ಬೇರೆ ಕಸುಬಿನವರು ಕೂತರೆ ಲೋಕವೇ ತಿಳಿಯುತ್ತದೆ ಎಂಬುದು ಲೆಕ್ಕಾಚಾರ. ಸಭೆ ಈ ಸಲ ಒಬ್ಬರ ಕಚೇರಿಯಲ್ಲಾದರೆ ಮುಂದಿನ ಸಲ ಇನ್ನೊಬ್ಬರಲ್ಲಿ. ಹೀಗೆ ಸರದಿಯಂತೆ ಸುತ್ತುತ್ತಿದ್ದುದರಿಂದ ಅದಕ್ಕೆ ‘ರೋಟರಿ’ ಎಂಬ ಹೆಸರು ಬಂತು. ಸ್ವಲ್ಪ ದಿನದಲ್ಲೇ ಸೇರಿದ ಹ್ಯಾರಿ ರಗಲ್ಸ್ ಎಂಬ ಮುದ್ರಣಾಲಯದವರು ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡುವ ರೂಢಿ ತಂದರು. ಒಬ್ಬರನ್ನೊಬ್ಬರು ಮೊದಲ ಹೆಸರಿನಿಂದಲೇ ಕರೆಯಬೇಕು ಎಂದಾಯಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಹಂತದಲ್ಲಿ ಸೇವೆಯ ಮಾತೇ ಇರಲಿಲ್ಲ. ಇದ್ದದ್ದು ಸ್ನೇಹ, ಅದರ ಜೊತೆಗೆ ಸ್ವಲ್ಪ ಲಾಭ. ದರ್ಜಿಯ ಬಳಿ ವಕೀಲರು ಬಟ್ಟೆ ಹೊಲಿಸುವುದು, ವಕೀಲರ ಬಳಿಗೆ ದರ್ಜಿ ಕಾಗದಪತ್ರ ಒಯ್ಯುವುದು. ನಮ್ಮ ಮುಯ್ಯಾಳಿನ ಪಟ್ಟಣದ ರೂಪ ಎನ್ನಬಹುದು.

ಮೊದಲ ಸೇವೆ: ಸಾರ್ವಜನಿಕ ಶೌಚಾಲಯ

ಈ ಕೂಟಕ್ಕೆ ತಿರುವು ಕೊಟ್ಟದ್ದು ಒಬ್ಬರ ನಿರಾಕರಣೆ. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಕ್ಲಬ್ಬಿಗೆ ಸೇರಲು ಕರೆದರು. ಅವರು ನಿಯಮಗಳನ್ನು ಓದಿ ನೋಡಿ, ಬರೀ ತಮ್ಮತಮ್ಮಲ್ಲೇ ಲಾಭ ಮಾಡಿಕೊಳ್ಳುವ ಕೂಟ ಬಹುಕಾಲ ಬಾಳದು, ಊರಿಗೂ ಏನಾದರೂ ಉಪಕಾರವಾಗಬೇಕು ಎಂದರಂತೆ. ಇಂಥ ಮಾತು ಕೇಳಿದರೆ ನಮ್ಮ ಎಷ್ಟೋ ಸಂಘಗಳಲ್ಲಿ ಮುನಿಸು ಬಂದು ಅಲ್ಲಿಗೇ ಮುಗಿಯುತ್ತಿತ್ತು. ಶಿಕಾಗೊದವರು ಬೇರೆ ದಾರಿ ಹಿಡಿದರು. ಹಾಗಾದರೆ ನಿಯಮವನ್ನು ನೀವೇ ತಿದ್ದಿಕೊಡಿ ಎಂದು ಅವರನ್ನೇ ಒಳಗೆ ಕರೆದರು.

ಅದರ ಫಲವಾಗಿ ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ ಯಾವುದು ಗೊತ್ತೇ? ನಗರಸಭೆಯ ಕಟ್ಟಡದ ಬಳಿ ಸಾರ್ವಜನಿಕ ಶೌಚಾಲಯ. 1907ರಲ್ಲಿ ಶುರುವಾದ ಈ ಪ್ರಯತ್ನಕ್ಕೆ ಊರಿನ ಇತರ ಸಂಘಗಳನ್ನೂ ಸೇರಿಸಿಕೊಂಡರು. ವಿರೋಧವೂ ಬಂತು. ಶೌಚಕ್ಕೆಂದು ಬಂದವರು ಒಂದು ಲೋಟ ಕುಡಿದು ಹೋಗುತ್ತಾರೆ ಎಂಬ ಆಸೆಯಿದ್ದ ಮದ್ಯದ ವ್ಯಾಪಾರಿಗಳಿಗೂ, ಹೆಂಗಸರು ಒಳಗೆ ಬಂದರೆ ಏನಾದರೂ ಕೊಳ್ಳುತ್ತಾರೆ ಎಂದುಕೊಂಡಿದ್ದ ದೊಡ್ಡ ಅಂಗಡಿಗಳಿಗೂ ಇದು ಬೇಡವಾಗಿತ್ತು. ಎರಡು ವರ್ಷ ಪಟ್ಟುಹಿಡಿದ ಮೇಲೆ ಶೌಚಾಲಯ ಆಯಿತು. ಇಂದು ಇನ್ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳಲ್ಲಿ ಹರಡಿರುವ ಒಂದು ಸಂಸ್ಥೆಯ ಸೇವೆ ಆರಂಭವಾದದ್ದು ಇಲ್ಲಿಂದ. ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಶೌಚಾಲಯವಿಲ್ಲದಿದ್ದರೆ ಏನಾಗುತ್ತದೆ ಎಂದು ಬಲ್ಲ ಸರ್ಕಾರಿ ಶಾಲೆಯವರಾದ ನಮಗೆ ಇದು ನಗುವ ವಿಷಯವಲ್ಲ. ಊರಿಗೆ ಯಾವುದು ನಿಜವಾಗಿ ಬೇಕೋ ಅದನ್ನು ನಾಚಿಕೆಪಡದೆ ಹಿಡಿದವರು ಅವರು.

ಆ ಮೇಲೆ ಬೆಳವಣಿಗೆ ಬೇಗ ಆಯಿತು. 1908ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಎರಡನೆಯ ಕ್ಲಬ್ಬು, 1910ರ ಹೊತ್ತಿಗೆ ಹದಿನಾರು ಕ್ಲಬ್ಬುಗಳ ಒಕ್ಕೂಟ. 1917ರಲ್ಲಿ ಆರ್ಚ್ ಕ್ಲಂಫ್ ಎಂಬವರು ಲೋಕೋಪಕಾರಕ್ಕೆಂದು ಒಂದು ನಿಧಿ ಇಡೋಣ ಎಂದಾಗ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್. ಇಂದಿನ ರೋಟರಿ ಪ್ರತಿಷ್ಠಾನದ ಬೀಜ ಆ ಚಿಲ್ಲರೆ ಹಣ. ಹನಿ ಹನಿ ಕೂಡಿದರೆ ಹಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಂದೇ ಕೆಲಸವನ್ನು ಹಿಡಿದವರು

ಅದೇ ಶಿಕಾಗೊದಲ್ಲಿ ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯವಹಾರದವರು ಒಂದು ವ್ಯಾಪಾರಿ ಕೂಟದಲ್ಲಿದ್ದರು. ದುಡಿಮೆಯಲ್ಲಿ ಗೆದ್ದವರು ತಮ್ಮ ಶಕ್ತಿಯನ್ನು ಊರಿಗಾಗಿಯೂ ಬಳಸಬೇಕು ಎಂಬುದು ಅವರ ಹಂಬಲ. 1917ರ ಜೂನ್ 7ರಂದು ಅವರು ಹಲವು ಕೂಟಗಳ ಪ್ರತಿನಿಧಿಗಳನ್ನು ಕರೆದು ಸಭೆ ಮಾಡಿದರು. ಲಯನ್ಸ್ ಸಂಸ್ಥೆಗೆ ಅದೇ ಆರಂಭ. ಸದಸ್ಯರ ಹಣದ ಲಾಭ ಕ್ಲಬ್ಬಿನ ಉದ್ದೇಶವಾಗಕೂಡದು ಎಂದು ಮೊದಲಿಗೇ ಬರೆದುಕೊಂಡದ್ದು ಅವರ ವಿಶೇಷ. ರೋಟರಿಯವರು ನಡೆಯುತ್ತ ಕಲಿತದ್ದನ್ನು ಇವರು ಹೊರಡುವಾಗಲೇ ಗಂಟುಕಟ್ಟಿಕೊಂಡರು.

1925ರ ಜೂನ್ 30ರಂದು ಒಹಾಯೊ ಸಂಸ್ಥಾನದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮಾವೇಶಕ್ಕೆ ಹೆಲೆನ್ ಕೆಲರ್ ಬಂದರು. ಎರಡು ವರ್ಷ ತುಂಬುವ ಮೊದಲೇ ಕಾಯಿಲೆಯಿಂದ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡು, ಗುರು ಆನ್ ಸಲಿವಾನ್ ಅವರ ನೆರವಿನಿಂದ ಓದಿ ಪದವೀಧರೆಯಾದ ಆ ಮಹಿಳೆ, ಅಂಧರ ಸೇವೆಯನ್ನು ನಿಮ್ಮ ಕೆಲಸವನ್ನಾಗಿ ಮಾಡಿಕೊಳ್ಳಿ ಎಂದು ಕೇಳಿಕೊಂಡರು. ಲಯನ್ಸ್ ಒಪ್ಪಿತು. ಅಂದಿನಿಂದ ಎಷ್ಟು ಕೆಲಸಗಳಿದ್ದರೂ ಕಣ್ಣು ಅವರಿಗೆ ಮೊದಲ ಕೆಲಸವಾಯಿತು. 1930ರಲ್ಲಿ ಇಲಿನಾಯ್ ಸಂಸ್ಥಾನದ ಪಿಯೋರಿಯಾ ಊರಿನ ಲಯನ್ಸ್ ಸದಸ್ಯರೊಬ್ಬರು, ಕಪ್ಪು ಕೋಲು ಹಿಡಿದ ಅಂಧರೊಬ್ಬರು ರಸ್ತೆ ದಾಟಲು ಪಡುತ್ತಿದ್ದ ಪಾಡನ್ನು ಕಂಡರು. ಗಾಡಿಯವರ ಕಣ್ಣಿಗೆ ಆ ಕೋಲು ಕಾಣುತ್ತಲೇ ಇರಲಿಲ್ಲ. ಅದಕ್ಕೆ ಬಿಳಿ ಬಣ್ಣ ಬಳಿದರೆ ಹೇಗೆ ಎಂಬ ಯೋಚನೆಯನ್ನು ಅವರು ಕ್ಲಬ್ಬಿನಲ್ಲಿ ಹೇಳಿದರು. ಕ್ಲಬ್ಬು ಅದನ್ನು ಹಿಡಿಯಿತು, ನಗರಸಭೆ ಬಿಳಿ ಕೋಲಿನವರಿಗೆ ದಾರಿ ಬಿಡಬೇಕೆಂದು ನಿಯಮ ಮಾಡಿತು. ಒಬ್ಬರ ಕಣ್ಣಿಗೆ ಬಿದ್ದದ್ದು ವಾರದ ಸಭೆಯಿಂದಾಗಿ ಊರಿನ ಕಾಯಿದೆಯಾಯಿತು.

ನಮ್ಮ ನಾಡಿನಲ್ಲಿ ಕಣ್ಣಿನ ಸೇವೆ ಎಂದರೆ ಡಾ. ಎಂ. ಸಿ. ಮೋದಿಯವರ ನೆನಪು ಬರದೇ ಇರದು. ಬೀಳಗಿಯಲ್ಲಿ ಹುಟ್ಟಿದ ಮುರುಗಪ್ಪ ಚನ್ನವೀರಪ್ಪ ಮೋದಿಯವರು ಸಂಚಾರಿ ಆಸ್ಪತ್ರೆಯೊಂದಿಗೆ ಹಳ್ಳಿಹಳ್ಳಿ ತಿರುಗಿ ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದರು. ಅಂಥ ಶಿಬಿರ ಡಾಕ್ಟರೊಬ್ಬರಿಂದಲೇ ನಡೆಯುವುದಿಲ್ಲ. ರೋಗಿಗಳ ಹೆಸರು ಬರೆಯುವವರು, ಕೈಹಿಡಿದು ನಡೆಸುವವರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿಗೆ ಗಂಜಿ ಕುಡಿಸುವವರು, ರಾತ್ರಿ ಕಾವಲಿರುವವರು ಬೇಕು. ಆ ಕೈಗಳು ಬಂದದ್ದು ಊರಿನ ಸಂಘಸಂಸ್ಥೆಗಳಿಂದ. ಎಷ್ಟೋ ಸರ್ಕಾರಿ ಶಾಲೆಗಳ ಕೋಣೆಗಳು ರಜೆಯ ದಿನಗಳಲ್ಲಿ ವಾರ್ಡುಗಳಾದದ್ದನ್ನು ಹಿರಿಯರು ಬಲ್ಲರು.

ನಮ್ಮ ನೆಲಕ್ಕೆ ಬಂದ ಬಗೆ

ಭಾರತದ ಮೊದಲ ರೋಟರಿ ಕ್ಲಬ್ಬು ಕಲ್ಕತ್ತದ್ದು, 1920ರಲ್ಲಿ ಮಾನ್ಯತೆ ಪಡೆಯಿತು. ಬೆಂಗಳೂರಿನಲ್ಲಿ 1934ರಲ್ಲಿ ಆರಂಭವಾಯಿತು. ಲಯನ್ಸ್ ಬಂದದ್ದು ಸ್ವಾತಂತ್ರ್ಯದ ನಂತರ, 1956ರಲ್ಲಿ, ಮುಂಬಯಿಗೆ. ಅಲ್ಲಿಂದ ಜಿಲ್ಲಾ ಕೇಂದ್ರಗಳಿಗೆ, ತಾಲ್ಲೂಕು ಊರುಗಳಿಗೆ ಇವು ಹಬ್ಬಿದವು.

ಈ ನಡುವೆ ನಮ್ಮ ನಾಡಿನಲ್ಲೇ ಹುಟ್ಟಿದ ಸ್ವಯಂಸೇವೆಯ ಇನ್ನೊಂದು ಧಾರೆಯನ್ನು ಮರೆಯಬಾರದು. ಧಾರವಾಡದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ ಬಂದ ಡಾ. ನಾ. ಸು. ಹರ್ಡೀಕರ್ ಅವರು ಹುಬ್ಬಳ್ಳಿಯಲ್ಲಿ ತರುಣರ ಸೇವಾ ಮಂಡಲ ಕಟ್ಟಿದ್ದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದವರಲ್ಲಿ ಕೆಲವರು ಜೈಲಿನ ಕಷ್ಟ ತಾಳಲಾರದೆ ಕ್ಷಮೆ ಬರೆದುಕೊಟ್ಟರೂ ಹುಬ್ಬಳ್ಳಿಯ ಈ ತರುಣರು ಬರೆದುಕೊಡಲಿಲ್ಲ. ಒಟ್ಟಿಗೆ ಕವಾಯತು ಮಾಡಿ, ಒಟ್ಟಿಗೆ ಉಂಡು ಬೆಳೆದ ಒಗ್ಗಟ್ಟಿನ ಬಲ ಅದು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು, ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ವ್ಯವಸ್ಥೆಯ ಹೊಣೆ ಹೊತ್ತವರಲ್ಲಿ ಈ ಸ್ವಯಂಸೇವಕರಿದ್ದರು. ಇಂದು ನಮ್ಮ ಶಾಲೆಗಳ ಮೈದಾನದಲ್ಲಿ ಮಕ್ಕಳು ಧ್ವಜವಂದನೆ ಕಲಿಯುವ ಭಾರತ ಸೇವಾದಳದ ಮೂಲ ಅಲ್ಲಿದೆ. ಶಿಕಾಗೊದ ಕೋಣೆಯಲ್ಲಿ ಕೂತವರು ವ್ಯಾಪಾರಿಗಳು, ಹುಬ್ಬಳ್ಳಿಯ ಮೈದಾನದಲ್ಲಿ ನಿಂತವರು ದೇಶದ ಬಿಡುಗಡೆಗೆ ಹೊರಟ ಹುಡುಗರು. ಗುರಿ ಬೇರೆ ಬೇರೆ. ಆದರೆ ಮೊದಲು ಜೊತೆಗಾರರಾಗಿ, ಆಮೇಲೆ ಕೆಲಸಕ್ಕಿಳಿದ ರೀತಿ ಒಂದೇ.

ರೋಟರಿಯವರು ಶಾಲೆಯ ಮಕ್ಕಳಿಗೂ ಸೇವಾ ಕ್ಲಬ್ಬು ತೆರೆದದ್ದು 1962ರಲ್ಲಿ. ಆ ವರ್ಷ ವಿಶ್ವ ರೋಟರಿಯ ಅಧ್ಯಕ್ಷ ಪೀಠದಲ್ಲಿದ್ದವರು ಕಲ್ಕತ್ತದ ನಿತೀಶ್ ಲಾಹರಿ. ಆ ಸ್ಥಾನಕ್ಕೇರಿದ ಮೊದಲ ಏಷ್ಯಾದವರು ಅವರು. ನವೆಂಬರ್ 5ರಂದು ಅಮೆರಿಕದ ಫ್ಲಾರಿಡಾದ ಮೆಲ್ಬೋರ್ನ್ ಹೈಸ್ಕೂಲಿನಲ್ಲಿ 23 ಮಕ್ಕಳ ಮೊದಲ ಇಂಟರ್ಯಾಕ್ಟ್ ಕ್ಲಬ್ಬು ಆಯಿತು. ಎರಡನೆಯದು ನಮ್ಮ ದೇಶದ ತಂಜಾವೂರಿನಲ್ಲಿ. ಹೈಸ್ಕೂಲಿನ ಮಕ್ಕಳು ಸೇವೆಯ ಫಲ ಪಡೆಯುವವರಷ್ಟೇ ಅಲ್ಲ, ಸೇವೆ ಮಾಡುವವರೂ ಹೌದು ಎಂಬ ಮಾತಿಗೆ ಅದರಿಂದ ಒಂದು ರೂಪ ಸಿಕ್ಕಿತು.

ಎರಡು ಹನಿಗಾಗಿ ಹದಿನಾರು ವರ್ಷ

ಈ ಕ್ಲಬ್ಬುಗಳ ಇತಿಹಾಸದಲ್ಲಿ ನಮ್ಮ ಊರಿನ ಪ್ರತಿಯೊಂದು ಮನೆಗೂ ತಾಕಿದ ಅಧ್ಯಾಯ ಪೋಲಿಯೊದ್ದು. ಕಾಲು ಸೊರಗಿ, ಕೋಲೂರಿ, ಇಲ್ಲವೇ ತೆವಳಿಕೊಂಡು ಶಾಲೆಗೆ ಬರುತ್ತಿದ್ದ ಸಹಪಾಠಿಯೊಬ್ಬರು ಹಳೆಯ ತಂಡಗಳಲ್ಲಿ ಹಲವರಿಗೆ ನೆನಪಿದ್ದಾರು. ಇಂದಿನ ತರಗತಿಗಳಲ್ಲಿ ಅಂಥ ಮಗುವಿಲ್ಲ. ಅದು ತಾನಾಗಿ ಆದ ಬದಲಾವಣೆಯಲ್ಲ.

1979ರಲ್ಲಿ ಫಿಲಿಪೀನ್ಸ್ ದೇಶದ ಸುಮಾರು 60 ಲಕ್ಷ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸಲು ರೋಟರಿ ನೆರವಾಯಿತು. ಆ ಅನುಭವದಿಂದ ಧೈರ್ಯ ಬಂದು, 1985ರಲ್ಲಿ ಲೋಕದಿಂದಲೇ ಪೋಲಿಯೊ ತೊಲಗಿಸುವ ಕೆಲಸಕ್ಕೆ ಕೈ ಹಾಕಿತು. 12 ಕೋಟಿ ಡಾಲರ್ ಕೂಡಿಸುವ ಗುರಿ ಇಟ್ಟುಕೊಂಡಿದ್ದರು. 1988ರ ಹೊತ್ತಿಗೆ ಕೂಡಿದ್ದು 24 ಕೋಟಿ 70 ಲಕ್ಷ ಡಾಲರ್. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಜೊತೆಗೂಡಿದವು. ಆಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಪೋಲಿಯೊಗೆ ತುತ್ತಾಗುತ್ತಿದ್ದರು.

ನಮ್ಮ ದೇಶದಲ್ಲಿ 1995ರ ಡಿಸೆಂಬರ್ 9ರಂದು ಪಲ್ಸ್ ಪೋಲಿಯೊ ಆರಂಭವಾಯಿತು. ಒಂದೊಂದು ಸುತ್ತಿನಲ್ಲಿ ಸುಮಾರು 17 ಕೋಟಿ ಮಕ್ಕಳು, 20 ಲಕ್ಷಕ್ಕೂ ಹೆಚ್ಚು ಲಸಿಕೆ ಹಾಕುವವರು. ಈ ತೇರಿನ ಹಗ್ಗ ಹಿಡಿದವರಲ್ಲಿ ಸರ್ಕಾರದ ಆರೋಗ್ಯ ಸಿಬ್ಬಂದಿ, ಅಂಗನವಾಡಿ ಕಾರ್ಯಕರ್ತೆಯರು ಮೊದಲಿಗರು ಎಂಬುದನ್ನು ಮರೆಯಕೂಡದು. ಕ್ಲಬ್ಬುಗಳು ಅವರ ಜೊತೆಗೆ ಹೆಗಲು ಕೊಟ್ಟವು. ಬಾಯಿಗೆ ಹಾಕುವ ಆ ಹನಿ ಬಿಸಿಲಿಗೆ ಕೆಡುತ್ತದೆ, ಕಾರ್ಖಾನೆಯಿಂದ ಮಗುವಿನ ಬಾಯಿಯವರೆಗೆ ತಂಪಾಗಿಯೇ ಇರಬೇಕು. ಅದಕ್ಕೆ ಐಸ್ ಪೆಟ್ಟಿಗೆ ಬೇಕು, ಅದನ್ನು ಸಾಗಿಸಲು ಸ್ಕೂಟರು, ಜೀಪು ಬೇಕು. ಭಾನುವಾರ ಶಾಲೆ, ಬಸ್ ನಿಲ್ದಾಣ, ಸಂತೆಗಳಲ್ಲಿ ಬೂತು ಹಾಕಬೇಕು. ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಗುರುತಿನ ಮಸಿ. ಸೋಮವಾರದಿಂದ ಮನೆಮನೆ ಸುತ್ತಿ, ಬಿಟ್ಟುಹೋದ ಮಗುವನ್ನು ಹುಡುಕಿ, ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಬರೆಯಬೇಕು. ಹೆದರಿದ ತಾಯಂದಿರಿಗೆ ಸಮಾಧಾನ ಹೇಳಬೇಕು. ಉತ್ತರ ಪ್ರದೇಶದಲ್ಲಿ ಲಸಿಕೆಯ ಬಗ್ಗೆ ಸಂಶಯ ಹಬ್ಬಿದಾಗ ಊರಿನ ಮೌಲ್ವಿಗಳನ್ನೇ ಜೊತೆಗೆ ಕರೆದುಕೊಂಡು ಹೋಗಿ ಜನರ ಮನವೊಲಿಸಿದರು.

ಇದು ಒಂದು ಭಾನುವಾರದ ಕೆಲಸವಾಗಿದ್ದರೆ ಯಾರು ಬೇಕಾದರೂ ಮಾಡಿಯಾರು. ಮತ್ತೆ ಮತ್ತೆ, ವರ್ಷದ ಮೇಲೆ ವರ್ಷ ಮಾಡಬೇಕಾಗಿತ್ತು. 2009ರಲ್ಲಿಯೂ ದೇಶದಲ್ಲಿ 741 ಪ್ರಕರಣಗಳು ಕಂಡವು. ಇಷ್ಟು ವರ್ಷ ದುಡಿದದ್ದು ನೀರಿಗೆ ಹೋಯಿತೇ ಎಂದು ಕೈಚೆಲ್ಲಲು ಅದು ಸಾಕಾಗಿತ್ತು. ಕೈಚೆಲ್ಲಲಿಲ್ಲ. 2010ರಲ್ಲಿ 42, 2011ರಲ್ಲಿ ಒಂದೇ ಒಂದು. ಆ ವರ್ಷದ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಹೆಣ್ಣುಮಗುವೊಂದರಲ್ಲಿ ಕಂಡದ್ದೇ ಕೊನೆಯದು. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಪ್ರತಿಫಲವಿಲ್ಲದ ಇಂಥ ಕೆಲಸಕ್ಕೆ ಇಷ್ಟು ವರ್ಷ ಜನ ಬಂದದ್ದು ಬರೀ ಆದರ್ಶದಿಂದಲ್ಲ. ನಾನು ಬರದಿದ್ದರೆ ನನ್ನ ಗೆಳೆಯ ಒಬ್ಬನೇ ಐಸ್ ಪೆಟ್ಟಿಗೆ ಹೊರಬೇಕಾಗುತ್ತದೆ ಎಂಬ ದಾಕ್ಷಿಣ್ಯವೂ ಅದರಲ್ಲಿತ್ತು. ಆ ದಾಕ್ಷಿಣ್ಯಕ್ಕೇ ಸ್ನೇಹ ಎಂದು ಹೆಸರು.

ಮುಚ್ಚಿದ್ದ ಬಾಗಿಲು

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅದು ಇತಿಹಾಸವಾಗದು. ಈ ಕ್ಲಬ್ಬುಗಳಲ್ಲಿ ಬಹುಕಾಲ ಹೆಂಗಸರಿಗೆ ಸದಸ್ಯತ್ವ ಇರಲಿಲ್ಲ. ಗಂಡಂದಿರು ಸಭೆ ಮಾಡುವಾಗ ಹೆಂಡತಿಯರು ಬೇರೆ ಕೂಟ ಮಾಡಿಕೊಳ್ಳಬೇಕಿತ್ತು. 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಇನ್ನರ್‌ವೀಲ್ ಹಾಗೆ ಬಂದದ್ದು. 1977ರಲ್ಲಿ ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ರೋಟರಿ ಕ್ಲಬ್ಬು ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಅದರ ಮಾನ್ಯತೆಯನ್ನೇ ಕಿತ್ತುಕೊಳ್ಳಲಾಯಿತು. ಊರಿನವರು ಬಿಡದೆ ನ್ಯಾಯಾಲಯಕ್ಕೆ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಲಯನ್ಸ್ ಅದೇ ವರ್ಷ ಬಾಗಿಲು ತೆರೆಯಿತು, ರೋಟರಿ 1989ರಲ್ಲಿ ಜಗತ್ತಿನಾದ್ಯಂತ ನಿಯಮ ಬದಲಿಸಿತು. 2022ರಲ್ಲಿ ಕೆನಡಾದ ಜೆನಿಫರ್ ಜೋನ್ಸ್ ವಿಶ್ವ ರೋಟರಿಯ ಮೊದಲ ಮಹಿಳಾ ಅಧ್ಯಕ್ಷರಾದರು. ಸ್ನೇಹಕ್ಕೆ ಈ ಅಪಾಯ ಯಾವಾಗಲೂ ಇದೆ. ನಮ್ಮವರು ನಮ್ಮವರೇ ಸೇರಿ ಸುಖವಾಗಿದ್ದೇವೆ ಎನ್ನುವಾಗ ಹೊರಗೆ ನಿಂತವರು ಕಾಣುವುದಿಲ್ಲ.

ಇನ್ನೊಂದು ಕೊರತೆ ನಮ್ಮ ಸುತ್ತಮುತ್ತ ಎಲ್ಲರೂ ಕಂಡದ್ದೇ. ರೋಗಿಯ ಕೈಗೆ ಎರಡು ಬಾಳೆಹಣ್ಣು ಕೊಡುವಾಗ ಹತ್ತು ಜನ ಹಣ್ಣಿಗೆ ಕೈ ಹಚ್ಚಿ ಫೋಟೊ ತೆಗೆಸಿಕೊಳ್ಳುವುದು. ಶಾಲೆಗೆ ಕೊಟ್ಟ ಗಡಿಯಾರಕ್ಕಿಂತ ಅದರ ಮೇಲಿನ ಹೆಸರು ದೊಡ್ಡದಾಗಿರುವುದು. ಸಾವಿರ ಗಿಡ ನೆಟ್ಟು ಬೇಸಿಗೆಯಲ್ಲಿ ಒಂದಕ್ಕೂ ನೀರು ಹಾಕದಿರುವುದು. ಇವು ಕ್ಲಬ್ಬಿನ ರೋಗಗಳಷ್ಟೇ ಅಲ್ಲ, ನಮ್ಮೆಲ್ಲ ಸಂಘಗಳ ರೋಗಗಳು.

ನಮಗೆ ಉಳಿಯುವ ಪಾಠ

ನಾವು ರೋಟರಿಯನ್ನೋ ಲಯನ್ಸನ್ನೋ ಹಾಗೆಯೇ ನಕಲು ಮಾಡಬೇಕಾಗಿಲ್ಲ. ಅವರ ಸೂಟು, ಟೈ, ಪದಗ್ರಹಣದ ಗಂಟೆ ನಮಗೆ ಬೇಕಿಲ್ಲ. ಆದರೆ ನೂರು ವರ್ಷ ದಾಟಿಯೂ ಅವು ಏಕೆ ಉಳಿದವು ಎಂದು ಕೇಳಿದರೆ ಕಾಣುವ ಸಂಗತಿಗಳು ಸರಳವಾಗಿವೆ.

ಅವರ ಸಭೆಗೆ ನಿಗದಿಯಾದ ದಿನವಿದೆ. ಕೆಲಸವಿದ್ದಾಗ ಸೇರೋಣ ಎಂದವರು ಸೇರಲಿಲ್ಲ, ಸೇರುತ್ತಿದ್ದವರಿಗೆ ಕೆಲಸ ತಾನಾಗಿ ಕಾಣಿಸಿತು. ಅವರಲ್ಲಿ ಅಧ್ಯಕ್ಷಗಿರಿ ಒಂದೇ ವರ್ಷ, ಜುಲೈ 1ಕ್ಕೆ ಕುರ್ಚಿ ಬಿಟ್ಟುಕೊಡಬೇಕು. ಕುರ್ಚಿ ಬಿಟ್ಟವರೂ ಸದಸ್ಯರಾಗಿ ಮುಂದುವರಿಯುತ್ತಾರೆ. ಒಬ್ಬರೇ ಇಪ್ಪತ್ತು ವರ್ಷ ಅಧ್ಯಕ್ಷರಾಗಿದ್ದು, ಅವರೊಂದಿಗೇ ಸಂಘವೂ ಮಣ್ಣಾದ ಉದಾಹರಣೆಗಳು ಯಾವ ಊರಿನಲ್ಲಿಲ್ಲ? ಅವರು ಹತ್ತು ಕೆಲಸಕ್ಕೆ ಕೈ ಹಚ್ಚಿದರೂ ಒಂದನ್ನು ಮಾತ್ರ ಬಿಡದೆ ಹಿಡಿದರು. ಕಣ್ಣು ಎಂದರೆ ಕಣ್ಣು, ಪೋಲಿಯೊ ಎಂದರೆ ಪೋಲಿಯೊ. ಅವರಲ್ಲಿ ದರ್ಜಿಯೂ ವಕೀಲರೂ ಒಂದೇ ಮೇಜಿಗೆ ಕೂತರು. ಬಾಗಿಲು ಮುಚ್ಚಿದ್ದಾಗ ತಟ್ಟಿದವರ ಮಾತನ್ನು, ತಡವಾಗಿಯಾದರೂ, ಕೇಳಬೇಕಾಯಿತು.

ಈಗ ನಮ್ಮನ್ನು ನೋಡಿಕೊಳ್ಳೋಣ. ಸರ್ಕಾರಿ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಶಿಕಾಗೊದವರಿಗೆ ಇಲ್ಲದ ಒಂದು ಅನುಕೂಲವಿದೆ. ಅವರು ಅಪರಿಚಿತರನ್ನು ಹುಡುಕಿ ಸ್ನೇಹ ಕಟ್ಟಿಕೊಳ್ಳಬೇಕಾಯಿತು. ನಮಗೆ ಸ್ನೇಹ ಬೆಂಚಿನ ಮೇಲೆಯೇ ಸಿಕ್ಕಿತ್ತು. ಎಲ್ಲ ಕೇರಿಯ ಮಕ್ಕಳು, ಗಂಡುಹುಡುಗರು, ಹೆಣ್ಣುಹುಡುಗಿಯರು ಒಂದೇ ಗಂಟೆಗೆ ಎದ್ದು, ಒಂದೇ ಪ್ರಾರ್ಥನೆಗೆ ನಿಂತು ಬೆಳೆದವರು ನಾವು. ನಮ್ಮಲ್ಲಿ ರೈತರಿದ್ದಾರೆ, ಡ್ರೈವರುಗಳಿದ್ದಾರೆ, ನರ್ಸುಗಳು, ಎಲೆಕ್ಟ್ರಿಷಿಯನ್ನರು, ಪೊಲೀಸರು, ಎಂಜಿನಿಯರುಗಳು, ಮನೆ ನಡೆಸುವ ತಾಯಂದಿರು ಇದ್ದಾರೆ. ಪಾಲ್ ಹ್ಯಾರಿಸ್ ಆರಿಸಿ ಆರಿಸಿ ಕೂಡಿಸಿದ ಕಸುಬುಗಳ ಕೂಟ ನಮ್ಮ ಹಾಜರಿ ಪುಸ್ತಕದಲ್ಲಿಯೇ ಇದೆ. ಕಾಣಿಕೆಯ ಮೊತ್ತದ ಮೇಲೆ ಸಾಲು ಹಾಕಿ ಕೂರಿಸಿದರೆ ಆ ಕೂಟ ಅಂದೇ ಒಡೆಯುತ್ತದೆ. ಬೆಂಗಳೂರಿನಿಂದ ಲಕ್ಷ ಕಳಿಸುವವರಷ್ಟೇ, ತಿಂಗಳಿಗೊಮ್ಮೆ ಬಂದು ಶಾಲೆಯ ನಲ್ಲಿ, ಸ್ವಿಚ್ಚು ಸರಿಮಾಡಿಕೊಡುವ ಊರಿನ ಗೆಳೆಯರೂ ಬೇಕು.

ಹಾಗಾಗಿ ಒಂದು ಸಣ್ಣ ಬೇಡಿಕೆ. ಸುವರ್ಣ ಮಹೋತ್ಸವದ ವೇದಿಕೆಯ ಮೇಲೆ ದೊಡ್ಡ ಯೋಜನೆಗಳ ಘೋಷಣೆ ಆಗಲಿ, ಸಂತೋಷ. ಅದಕ್ಕಿಂತ ಮೊದಲು ತಿಂಗಳಿಗೊಂದು ದಿನ ಗೊತ್ತುಮಾಡಿಕೊಳ್ಳೋಣ. ಸಂಕ್ರಾಂತಿ, ಯುಗಾದಿಗಳಂತೆ ಅದೂ ಪಂಚಾಂಗದಲ್ಲಿರಲಿ. ಬರಲಾಗದ ದೂರದವರು ಫೋನಿನಲ್ಲಾದರೂ ಜೊತೆಗೂಡಲಿ. ಮೊದಲ ಕೆಲವು ತಿಂಗಳು ಏನೂ ಮಾಡದಿದ್ದರೂ ಪರವಾಗಿಲ್ಲ, ಕೂತು ಮಾತಾಡೋಣ, ಚಹಾ ಕುಡಿಯೋಣ, ಮೇಷ್ಟ್ರುಗಳಿಗೆ ಏನು ಕಷ್ಟ, ಮಕ್ಕಳಿಗೆ ಏನು ಬೇಕು ಎಂದು ಕೇಳೋಣ. ಕೇಳುತ್ತ ಕೂತವರಿಗೆ ಕೆಲಸ ಕಾಣದೇ ಇರದು. ಕಂಡ ಒಂದು ಕೆಲಸವನ್ನು ಬಿಡದೆ ಹಿಡಿಯೋಣ.

ಅಧ್ಯಕ್ಷರು ಬದಲಾಗುತ್ತಿರಲಿ, ಕೂಟ ಉಳಿಯಲಿ. ಶಾಲೆಯ ವಜ್ರ ಮಹೋತ್ಸವದ ಸಂಚಿಕೆ ಬರೆಯುವವರಿಗೆ ಶಿಕಾಗೊದವರೆಗೆ ಹೋಗುವ ಅಗತ್ಯ ಬೀಳದೆ, ನಮ್ಮ ಊರಿನ ಕಥೆಯನ್ನೇ ಬರೆಯುವಂತಾಗಲಿ ಎಂದು ಹಾರೈಸುತ್ತೇನೆ.